ಅಳದ ಕೂಸು

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಮಗ ಯಾರೆಂದರೆ, ನಾನು ಎಂದೂ ನೋಡದ ನನ್ನ ಅಣ್ಣ. ಅವ್ವನಿಗೆ ಮೊದಲು ಹುಟ್ಟಿದವನು, ತೊಟ್ಟಿಲಿಗೆ ಹಾಕುವ ಮೊದಲೇ ಹೋದವನು. ಅವನಿಗೆ ಹೆಸರು ಕೂಡ ಇಟ್ಟಿರಲಿಲ್ಲ. ಆದರೂ ನಾನು ಏನಾದರೂ ತರಲೆ ಮಾಡಿದಾಗಲೆಲ್ಲ ಅವ್ವ ಅವನನ್ನು ಮಾತಿಗೆ ಎಳೆದು ತರುತ್ತಿದ್ದಳು.

“ಅವನು ದೇವ್ರಂಥಾ ಕೂಸು. ಅಳಲಿಲ್ಲ, ರಚ್ಚೆ ಹಿಡೀಲಿಲ್ಲ. ಮಲಗಿಸಿದಲ್ಲೇ ಮಲಗ್ತಿದ್ದ. ಅಂಥವು ನಮ್ಮಂಥೋರ ಮನ್ಯಾಗೆ ಉಳಿಯಲ್ಲ. ನೀನು ನೋಡು, ಹುಟ್ಟಿದ ಗಳಿಗೆಯಿಂದ ಬಾಯಿ ಮುಚ್ಚಿಲ್ಲ.”

ಸತ್ತ ಕೂಸಿನ ಜೊತೆ ಪೈಪೋಟಿ ಮಾಡಿ ಗೆಲ್ಲುವುದು ಯಾರಿಂದಲೂ ಆಗದ ಕೆಲಸ. ನಾನು ಬಾಯಿಬಡಕಿ ಎಂಬ ಬಿರುದು ಹೊತ್ತುಕೊಂಡೇ ಕೊಕ್ಕನೂರಿನಲ್ಲಿ ಬೆಳೆದೆ, ಬಾಯಿಯ ಬಲದಿಂದಲೇ ಓದಿದೆ, ಬಾಯಿಯ ಬಲದಿಂದಲೇ ಕೆಲಸ ಹಿಡಿದೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಹಲ್ಲಿನ ಕ್ಲಿನಿಕ್ಕು. ಅಲ್ಲಿ ಮುಂದಿನ ಮೇಜಿನ ಹಿಂದೆ ಕೂರುವುದು ನನ್ನ ಕೆಲಸ. ಟೋಕನ್ ಕೊಡಬೇಕು, ಫೋನ್ ಎತ್ತಬೇಕು, ಹೆದರಿದವರಿಗೆ “ಕೂಡ್ರಿ, ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ” ಎಂದು ನಗುನಗುತ್ತಾ ಸುಳ್ಳು ಹೇಳಬೇಕು. ಗಂಡನಿಗೆ ಹರಿಹರದಲ್ಲಿ ಒಂದು ಲೇತ್ ಮಷೀನಿನ ಮೇಲೆ ಕೆಲಸ. ಮನೆ ಹರಿಹರದಲ್ಲಿ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸುರಿಯಾದ ಮೇಲೂ ಹೋಗಿ ಬರುತ್ತಿದ್ದೆ. ರಕ್ತ ಕಡಿಮೆ ಇದೆ ಎಂದು ಆಸ್ಪತ್ರೆಯಲ್ಲಿ ಕೊಟ್ಟ ಗುಳಿಗೆಗಳನ್ನು ಅವ್ವನಿಗೆ ತೋರಿಸದೆ ನುಂಗುತ್ತಿದ್ದೆ. ಗುಳಿಗೆ ನುಂಗಿದರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದು ಅವಳ ವೈದ್ಯಶಾಸ್ತ್ರ. ಆ ಶಾಸ್ತ್ರದ ಮೇಲೆ ನನಗೆ ಯಾವಾಗಲೂ ನಗು.

ಎಂಟನೇ ತಿಂಗಳು ಮುಗಿದರೂ ಕೂಸು ಹೊಟ್ಟೆಯಲ್ಲಿ ತಲೆ ಮೇಲೆ ಮಾಡಿಯೇ ಕೂತಿತ್ತು. ಆಪರೇಷನ್ ಆಗಲೇಬೇಕು ಎಂದರು ದಾವಣಗೆರೆಯ ಆಸ್ಪತ್ರೆಯವರು. ಆಗ ಬಂದವಳು ಆ ಹುಡುಗಿ ಡಾಕ್ಟರು. ಅರಿವಳಿಕೆ ವಿಭಾಗದಲ್ಲಿ ಓದುತ್ತಿದ್ದವಳು, ನನಗಿಂತ ಒಂದೆರಡು ವರ್ಷ ಚಿಕ್ಕವಳೇ ಇರಬೇಕು. ತನ್ನ ಸಂಶೋಧನೆಗೆ ಆಪರೇಷನ್ನಿಗೆ ಬಂದ ಬಸುರಿಯರನ್ನು ಹುಡುಕುತ್ತಿದ್ದಳು. ಬೆನ್ನಿಗೆ ಕೊಡುವ ಸೂಜಿ ಎಲ್ಲರಿಗೂ ಇದ್ದದ್ದೇ. ಆಪರೇಷನ್ ಮುಗಿದ ಮೇಲೆ ಕೆಲವರಿಗೆ ಹೊಟ್ಟೆಯ ಎರಡೂ ಪಕ್ಕಗಳಲ್ಲಿ ನರ ಜೋಮು ಹಿಡಿಸುವ ಇನ್ನೊಂದು ಇಂಜೆಕ್ಷನ್ ಕೊಡುತ್ತಾಳಂತೆ, ಕೆಲವರಿಗೆ ಮಾಮೂಲಿ ನೋವಿನ ಔಷಧಿ. ಆಮೇಲೆ ಯಾರು ಬೇಗ ಕೂಸಿಗೆ ಹಾಲು ಕೊಟ್ಟರು, ಯಾರ ಕೂಸು ಚೆನ್ನಾಗಿ ತೂಕ ಹಾಕಿಕೊಂಡಿತು ಎಂದು ನೋಡುತ್ತಾಳಂತೆ.

“ನೋವು ಇದ್ರೆ ತಾಯಿ ಕೂಸನ್ನ ಎತ್ಕೊಳ್ಳೋಕೆ ಹೆದರ್ತಾಳೆ. ಎತ್ಕೊಳ್ಳದೆ ಹೋದ್ರೆ ಹಾಲು ಹಿಂದೆ ಬೀಳುತ್ತೆ. ನಾನು ನೋಡ್ತಿರೋದು ಇಷ್ಟೇ” ಎಂದಳು. ನನಗೆ ಆ ಮಾತು ಹಿಡಿಸಿತು. ಇಷ್ಟು ಸರಳವಾಗಿ ಹೇಳುವ ಡಾಕ್ಟರನ್ನು ನಾನು ಕ್ಲಿನಿಕ್ಕಿನಲ್ಲಿ ನೋಡಿರಲಿಲ್ಲ. ಒಪ್ಪಿ ಸಹಿ ಮಾಡಿದೆ.

ಅವ್ವ ಮಾತ್ರ ಕುದಿದು ಹೋದಳು. “ಪ್ರಯೋಗ ಮಾಡಾಕೆ ನೀನೇನು ಹೆಗ್ಗಣ ಏನೇ?”

ನನ್ನ ಪಾಲಿಗೆ ಹೊಟ್ಟೆಯ ಇಂಜೆಕ್ಷನ್ನೇ ಬಂತು. ಅದು ಕೆಲಸ ಮಾಡಿತು ಎಂಬುದನ್ನು ನಾನು ಇವತ್ತಿಗೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಪಕ್ಕದ ಮಂಚದವಳು ಹೊರಳಲಾಗದೆ ನರಳುತ್ತಿದ್ದರೆ ನಾನು ಮಲಗಿದಲ್ಲೇ ಮಗಳನ್ನು ಎದೆಗೆ ಹಾಕಿಸಿಕೊಂಡು ಹಾಲು ಕುಡಿಸಿದೆ. ಅವಳು ಚೀಪಿದ ರಭಸಕ್ಕೆ ನನಗೆ ಕಣ್ಣಲ್ಲಿ ನೀರೇ ಬಂತು. ಆ ದಿನ ನರ್ಸ್ ಬಂದು, “ತಲೆ ಎತ್ತಬ್ಯಾಡ್ರಿ, ದಿಂಬು ಇಡಬ್ಯಾಡ್ರಿ, ಬೆನ್ನಿಗೆ ಸೂಜಿ ಕೊಟ್ಟಾರೆ” ಎಂದು ಹೇಳಿ ಹೋದಳು. ಮರುದಿನ ಬೆಳಿಗ್ಗೆ ಬೇರೆ ನರ್ಸ್ ಬಂದು ಎಬ್ಬಿಸಿ ಕೂರಿಸಿದಳು. ಮೊದಲನೆಯ ಮಾತು ಅವ್ವನ ತಲೆಯಲ್ಲಿ ಉಳಿಯಿತು, ಎರಡನೆಯದು ಉಳಿಯಲಿಲ್ಲ. ಅವಳು ಆಗ ಕೆಳಗೆ ಹೋಗಿದ್ದಳು, ಚಹಾ ತರಲು.

ಹುಡುಗಿ ಡಾಕ್ಟರು ದಿನವೂ ಬಂದು ಕೇಳುತ್ತಿದ್ದಳು. ನೋವು ಎಷ್ಟಿದೆ? ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು. ನಾನು ಸೊನ್ನೆ ಎಂದರೆ ಅವಳ ಮುಖ ಅರಳುತ್ತಿತ್ತು. “ಸೊನ್ನೆ ಬಂದ್ರೆ ಖುಷಿ ಪಡೋ ಪರೀಕ್ಷೆ ಇದೊಂದೇ ನೋಡು” ಎಂದು ಅವ್ವ ಚುಡಾಯಿಸಿದಳು. ಆಗ ಮೂವರೂ ನಕ್ಕಿದ್ದೆವು.

ಊರಿಗೆ ಹೊರಟ ಬೆಳಿಗ್ಗೆ ಕತ್ತಿನ ಹಿಂದೆ ಏನೋ ಬಿಗಿ ಹಿಡಿದಂತಿತ್ತು. ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಎಂದು ಸುಮ್ಮನಾದೆ. ಕೊಕ್ಕನೂರಿನ ಮನೆಯ ಹೊಸ್ತಿಲಲ್ಲಿ ಅವ್ವ ನಿವಾಳಿಸಿ ಒಳಗೆ ಕರೆದುಕೊಂಡಳು. ಸಂಜೆ ಕೂಸಿಗೆ ಹಾಲು ಕುಡಿಸಲು ಎದ್ದು ಕೂತೆ ನೋಡಿ, ತಲೆಯನ್ನು ಯಾರೋ ಹಿಂದಿನಿಂದ ಕೆಳಗೆ ಎಳೆದಂತಾಯಿತು. ಹಣೆ, ಕತ್ತು, ಕಣ್ಣ ಗುಡ್ಡೆಯ ಹಿಂಬದಿ ಎಲ್ಲ ಒಂದೇ ಸಲಕ್ಕೆ ಸಿಡಿಯಿತು. ಕೂಸನ್ನು ಅವ್ವನ ಕೈಗೆ ತುರುಕಿ ವಾಂತಿ ಮಾಡಿಕೊಂಡೆ. ಮಲಗಿದೆ. ಮಲಗಿದ ಕೂಡಲೇ ನೋವು ಹೋಯಿತು. ಮತ್ತೆ ಎದ್ದೆ, ಮತ್ತೆ ಬಂತು.

“ನರ್ಸಮ್ಮ ಏನು ಹೇಳಿದ್ಲು? ತಲೆ ಎತ್ತಬ್ಯಾಡ ಅಂದಿದ್ಲಿಲ್ವಾ? ನೀ ಕೇಳ್ದಿದ್ದಕ್ಕೇ ಹಿಂಗಾಗಿರೋದು” ಎಂದಳು ಅವ್ವ.

“ಅದು ಒಂದು ದಿನದ ಮಾತವ್ವಾ.”

“ಒಂದಿನ ಅಂತ ಹೇಳಿದ್ಲಾ ಅವಳು?”

ಹೇಳಿರಲಿಲ್ಲ, ನಿಜ. ನನ್ನ ತಲೆಯೇ ಅವ್ವನ ಪರವಾಗಿ ಸಾಕ್ಷಿ ಹೇಳುತ್ತಿರುವಾಗ ನಾನು ಏನೆಂದು ವಾದಿಸಲಿ? ಆ ದಿನದಿಂದ ನನ್ನ ತಲೆ ಹಾಸಿಗೆಗೆ ಅಂಟಿತು. ಅವ್ವನ ಮಾತೂ ಆಸ್ಪತ್ರೆಯ ಮಾತೂ ನನ್ನ ಜೀವನದಲ್ಲಿ ಒಮ್ಮೆಯೂ ಕೂಡಿರಲಿಲ್ಲ. ಕೂಡಬಾರದ ಒಂದೇ ಒಂದು ಕಡೆ ಕೂಡಿದವು.

ನಮ್ಮ ಕಡೆ ಬಾಣಂತನ ಹೇಗೆಂದು ಕಂಡವರಿಗೆ ಗೊತ್ತು. ಕಿಟಕಿ ಮುಚ್ಚಿದ ಕೋಣೆ, ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಹೊರಸಿನ ಕೆಳಗೆ ಕೆಂಡದ ಬೋಗುಣಿ. ಹೊರಗೆ ಬೇಸಿಗೆ ಧಗಧಗ. ಊಟಕ್ಕೆ ಬಿಸಿ ಅನ್ನ, ಬೆಳ್ಳುಳ್ಳಿ, ಮೆಣಸಿನ ಪುಡಿ, ತುಪ್ಪ. ಅಂಟಿನುಂಡೆಯನ್ನಂತೂ ಅವ್ವ ಕೈತುಂಬ ಕೊಡುತ್ತಿದ್ದಳು. ನೀರು ಮಾತ್ರ ಇಲ್ಲ. ಕಾಯಿಸಿ ಆರಿಸಿದ ನೀರು, ಊಟ ಇಳಿಯುವಷ್ಟು, ಒಂದು ಸಣ್ಣ ಲೋಟ. ಬಾಣಂತಿ ನೀರು ಕುಡಿದರೆ ಹೊಟ್ಟೆ ಜೋಲುತ್ತದೆ, ಹೊಲಿಗೆಯಲ್ಲಿ ಕೀವು ತುಂಬುತ್ತದೆ, ಕೂಸಿಗೆ ಶೀತವಾಗುತ್ತದೆ. ಅವಳ ಅವ್ವ ಅವಳಿಗೆ ಹಾಗೆಯೇ ಮಾಡಿದ್ದಳು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿ, ಮಾತಾಡಿದರೆ ಚಟ್ ಎಂದು ಬಿಡಿಸಿಕೊಳ್ಳುತ್ತಿತ್ತು. ಎರೆಯುವಾಗ ಅವ್ವ ತಲೆಯ ಮೇಲೆ ಸುಡುನೀರು ಸುರಿದರೆ ನಾನು ಮುಖ ಮೇಲೆತ್ತಿ ಬಾಯಿ ತೆರೆಯುತ್ತಿದ್ದೆ. ಸೀಗೆಕಾಯಿ ಬೆರೆತ ಆ ಕಹಿ ನೀರನ್ನು ಎಷ್ಟು ಸಿಕ್ಕರೆ ಅಷ್ಟು ನುಂಗುತ್ತಿದ್ದೆ. ಅವ್ವನಿಗೆ ಅದೂ ಗೊತ್ತಾಯಿತು. ಮರುದಿನದಿಂದ ಒಂದು ಕೈಯಲ್ಲಿ ನನ್ನ ಗದ್ದವನ್ನು ಒತ್ತಿ ಹಿಡಿದೇ ನೀರು ಹಾಕಿದಳು. ಹಾಕುತ್ತಾ ಅಳುತ್ತಿದ್ದಳು ಕೂಡ. “ನಿನ್ನ ಒಳ್ಳೇದಕ್ಕೇ ಕಣೇ” ಎನ್ನುತ್ತಿದ್ದಳು. ಅವಳ ಮೇಲೆ ನನಗೆ ಆ ಹೊತ್ತು ಬಂದಷ್ಟು ಸಿಟ್ಟು ನನ್ನ ಶತ್ರುವಿನ ಮೇಲೂ ಬಂದಿಲ್ಲ.

ಹಾಗಾದರೆ ಕೂಸು? ಕೂತು ಕುಡಿಸೋಣವೆಂದರೆ ತಲೆ ಸಿಡಿಯುತ್ತದೆ. ಸೆರಗಿನ ಚುಂಗು ಕಚ್ಚಿಕೊಂಡು ಕೂತರೂ ಅವಳು ನಾಲ್ಕು ಸಲ ಚೀಪುವಷ್ಟರಲ್ಲಿ ನನಗೆ ಕಣ್ಣು ಕತ್ತಲಿಡುತ್ತದೆ. ಮಲಗಿ ಕುಡಿಸೋಣವೆಂದರೆ ಅವ್ವ ಬಿಡುವುದಿಲ್ಲ. ಮಲಗಿ ಕುಡಿಸಿದರೆ ಹಾಲು ಕಿವಿಗೆ ಹೋಗಿ ಕೂಸಿನ ಕಿವಿ ಸೋರುತ್ತದಂತೆ. “ಆಸ್ಪತ್ರ್ಯಾಗೆ ಕುಡಿಸಿದೆನಲ್ಲಾ” ಎಂದರೆ, “ಅಲ್ಲಿ ಅವ್ರದು ನಡೀತೈತೆ, ಇದು ನನ್ ಮನೆ” ಎನ್ನುತ್ತಾಳೆ. ಅವಳು ಅತ್ತ ಹೋದಾಗ ಕದ್ದು ಮಲಗಿಸಿಕೊಂಡು ಕುಡಿಸಲು ನೋಡಿದೆ. ಎದೆಯಲ್ಲಿ ಏನಿತ್ತು? ನೀರಿಲ್ಲದ ಮೈಯಲ್ಲಿ ಹಾಲು ಎಲ್ಲಿಂದ ಬರಬೇಕು? ಮಗಳು ಒಂದಿಷ್ಟು ಚೀಪಿ, ಸೋತು, ಬಾಯಿ ಬಿಟ್ಟು ನಿದ್ದೆ ಹೋದಳು.

ಅವ್ವ ಬೆಳ್ಳಿಯ ಒಳಲೆ ತೆಗೆದಳು. ನನಗೆ ಹಾಲು ಹೊಯ್ದಿದ್ದ, ಅಣ್ಣನಿಗೂ ಹೊಯ್ದಿದ್ದ, ಮೂತಿ ಚೂಪಾದ ಅದೇ ಪುಟ್ಟ ಪಾತ್ರೆ. ಆಕಳ ಹಾಲಿಗೆ ಒಂದಕ್ಕೆ ಎರಡು ಕಾಯಿಸಿದ ನೀರು ಬೆರೆಸಿ, ಅಜೀರ್ಣವಾಗದಿರಲಿ ಎಂದು ಅದನ್ನೂ ಹಿಡಿದು ಹಿಡಿದು ಹೊಯ್ಯುತ್ತಿದ್ದಳು. ಮೊದಲು ಒಂದೆರಡು ದಿನ ಮಗಳು ಮನೆ ಹಾರಿಹೋಗುವ ಹಾಗೆ ಅತ್ತಳು. ಆಮೇಲೆ ಸುಮ್ಮನಾದಳು.

ಸುಮ್ಮನಾದದ್ದೇ ತಡ, ಹೊಗಳಿಕೆ ಶುರು. ನೋಡಲು ಬಂದ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು, “ಏನ್ ಶಾಣೆ ಕೂಸು, ಸೊಲ್ಲೇ ಇಲ್ಲಲ್ಲ” ಎನ್ನುತ್ತಿದ್ದರು. ಆಶಾ ಕಾರ್ಯಕರ್ತೆ ತೂಕದ ಜೋಳಿಗೆ ತಂದರೆ ಅವ್ವ ಕೈ ಮುಗಿದು ವಾಪಸು ಕಳಿಸಿದಳು. ಹೆಸರಿಡುವ ಮೊದಲು ಕೂಸನ್ನು ತೂಗಿದರೆ ದೃಷ್ಟಿಯಾಗುತ್ತದೆ. ಆಶಾ ಪಾಪ, ಅದೇ ಓಣಿಯವಳು, ಅವ್ವನಿಗೆ ಹೆದರುವವಳು. ಭಾನುವಾರ ಗಂಡ ಹರಿಹರದಿಂದ ಬಂದವನು ಹೊಸ್ತಿಲಾಚೆ ನಿಂತು ಮಗಳನ್ನು ನೋಡಿದ. “ಡಾಕ್ಟರಿಗೆ ತೋರಿಸೋಣ್ರೀ” ಎಂದೆ. ಅವನು ಅವ್ವನ ಮುಖ ನೋಡಿದ. “ಅತ್ತೆ ಇದಾರಲ್ಲ, ಅವ್ರಿಗೆ ಗೊತ್ತಿಲ್ದೇ ಇರುತ್ತಾ” ಎಂದು ಬಾಳೆಹಣ್ಣಿನ ಚೀಲ ಇಟ್ಟು ಹೋದ. ಆ ಬಾಳೆಹಣ್ಣೂ ಬಾಣಂತಿಗೆ ಶೀತವೆಂದು ಓಣಿಗೆ ಹಂಚಿಹೋಯಿತು.

ನನ್ನ ಫೋನು ಅವ್ವನ ಸೊಂಟದಲ್ಲಿತ್ತು. ಬಾಣಂತಿ ಫೋನು ನೋಡಿದರೆ ಕಣ್ಣು ಹೋಗುತ್ತವೆ. ಮಧ್ಯಾಹ್ನ ಹೊತ್ತಿಗೆ ಅದು ರಿಂಗಾಗುತ್ತಿತ್ತು. ದಾವಣಗೆರೆಯಿಂದ ಹುಡುಗಿ ಡಾಕ್ಟರು, ತನ್ನ ಸಂಶೋಧನೆಯ ಪ್ರಶ್ನೆಗಳನ್ನು ಕೇಳಲು. ಅವ್ವ ಅಂಗಳದಲ್ಲಿ ನಿಂತು ಉತ್ತರ ಕೊಡುತ್ತಿದ್ದಳು. “ಹೊಟ್ಟೆ ನೋವಾ? ಇಲ್ಲರೀ ಮೇಡಂ, ಸೊನ್ನೆ ಬರಕೊಳ್ರಿ. ಚಲೋ ಸೊನ್ನೆ. ಕೂಸು ಹಾಲು ಕುಡೀತೈತ್ರಿ. ಬಾಣಂತಿ ಮಲಗ್ಯಾಳ್ರಿ.” ಸೊನ್ನೆ ಕೊಟ್ಟರೆ ಡಾಕ್ಟರಿಗೆ ಖುಷಿಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತಲ್ಲ. ಆ ಹುಡುಗಿ ನಮಗೆ ಮಾಡಿದ ಉಪಕಾರಕ್ಕೆ ಅವ್ವ ದಿನವೂ ಒಂದು ಸೊನ್ನೆ ಉಡುಗೊರೆ ಕೊಡುತ್ತಿದ್ದಳು. “ಅವ್ವಾ, ಫೋನು ಕೊಡೇ!” ಎಂದು ಒಳಗಿನಿಂದ ಕೂಗಿದರೆ ಒಣಗಿದ ಗಂಟಲಿನಿಂದ ಬಂದದ್ದು ಒಂದು ಕೀರಲು. ಅವಳು ಬಾಗಿಲು ಮುಂದೆ ಮಾಡಿದಳು.

ಒಂದು ಬೆಳಿಗ್ಗೆ ಮಗಳ ಬಟ್ಟೆ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದಾಗ ಅವಳ ತೊಡೆಯ ಚರ್ಮ ನನ್ನ ಬೆರಳಿನ ಜೊತೆಗೇ ಜಾರಿತು. ಬಿಟ್ಟರೂ ಮಡಿಕೆ ಹಾಗೆಯೇ ನಿಂತಿತ್ತು. ಮೈ ಅರಿಶಿನ ಬಣ್ಣ. ನೆತ್ತಿ ತಗ್ಗು ಬಿದ್ದಿತ್ತು. ತುಟಿಗೆ ಬೆರಳು ಮುಟ್ಟಿಸಿದರೆ ಬಾಯಿ ಹೊರಳಿಸಲಿಲ್ಲ. ನಾನು ಅವಳ ಅಂಗಾಲಿಗೆ ಚಿವುಟಿದೆ. ಜೋರಾಗಿಯೇ ಚಿವುಟಿದೆ. ಅವಳು ಹುಬ್ಬು ಗಂಟಿಕ್ಕಿ ಮತ್ತೆ ಮಲಗಿದಳು. ಅಳಲಿಲ್ಲ. ಅಣ್ಣನ ಕಥೆಯನ್ನು ಹುಟ್ಟಿದಾಗಿನಿಂದ ಕೇಳಿದ್ದ ನನಗೆ ಆಗ ತೋಚಿದ್ದು ಒಂದೇ. ದೇವರಂಥ ಕೂಸು ನನಗೆ ಬೇಡ, ನನ್ನಂಥದ್ದೇ ಒಂದು ಬಾಯಿಬಡಕಿ ಸಾಕು.

“ಅವ್ವಾ, ಕೂಸು ಅಳ್ತಿಲ್ಲ” ಎಂದೆ.

“ಅಳದಿದ್ರೆ ಒಳ್ಳೇದಾತು ಬಿಡು. ಅತ್ತರೊಂದು ಗೋಳು, ಅಳದಿದ್ರೊಂದು ಗೋಳು.”

ಆ ಮಧ್ಯಾಹ್ನ ಫೋನು ಬಂದಾಗ ಅವ್ವ ನನ್ನ ಕೋಣೆಯಲ್ಲೇ ಕೆಂಡ ಕೆದಕುತ್ತಿದ್ದಳು. ಕೈ ಮಸಿಯಾಗಿದ್ದರಿಂದ ಫೋನನ್ನು ನೆಲದ ಮೇಲಿಟ್ಟು ಸ್ಪೀಕರ್ ಒತ್ತಿದಳು. ಎಂದಿನಂತೆ ಸೊನ್ನೆ ಕೊಟ್ಟಾಯಿತು. ಡಾಕ್ಟರು, “ಮಗು ಹೇಗಿದೆ ಅಮ್ಮ, ರಾತ್ರಿಯೆಲ್ಲಾ ಎಬ್ಬಿಸುತ್ತಾ?” ಎಂದು ಕೇಳಿದಳು. ಹುಡುಗಿ ಸುಮ್ಮನೆ ಲೋಕಾಭಿರಾಮವಾಗಿ ಕೇಳಿದ್ದು.

“ಅಯ್ಯೋ, ಬಾಳ ಶಾಣೇರಿ ಅದು. ಮಲಗಿದ್ರೆ ಮಲಗಿದ್ದೇ. ಅಳಾದೇ ಇಲ್ಲ.”

“ಅಳೋದೇ ಇಲ್ವಾ? ಉಚ್ಚೆ ಎಷ್ಟು ಸಲ ಹೊಯ್ಯುತ್ತೆ?”

“ಬಟ್ಟೆ ಒಗೆಯಾ ಕೆಲಸಾನೇ ಇಲ್ಲ ನೋಡ್ರಿ” ಎಂದಳು ಅವ್ವ, ಹೆಮ್ಮೆಯಿಂದ.

ನಾನು ಎದ್ದು ಕೂತೆ. ತಲೆ ಒಡೆದೇ ಹೋಯಿತು ಎನ್ನಿಸಿದರೂ ಕೂತೆ. “ಮೇಡಂ, ನಾನು! ಕೂಸು ಕಣ್ಣು ಬಿಡ್ತಿಲ್ಲ ಮೇಡಂ! ನನಗೆ ಕೂರೋಕೆ ಆಗ್ತಿಲ್ಲ, ತಲೆ, ಹಾಲಿಲ್ಲ, ನೀರು ಕೊಡ್ತಿಲ್ಲ...” ಏನೇನು ಒದರಿದೆನೋ. ಅವಳು ಒಂದೇ ಮಾತು ಹೇಳಿದಳು: “ಈಗಲೇ ಕರ್ಕೊಂಡು ಬನ್ನಿ. ಈಗಲೇ.”

ಆ ದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಹಸಿ ಬಾಣಂತಿ ಹೊಸ್ತಿಲು ದಾಟುವುದೆಂದರೆ ಅವ್ವನಿಗೆ ಎರಡು ಹೆಣ ಒಟ್ಟಿಗೆ ಕಂಡಂತೆ. ಬಾಗಿಲಿಗೆ ಅಡ್ಡ ನಿಂತಳು. “ನಾಳೆ ಹೋಗಾಣ, ನಾಳೆ ಮುಂಜಾನೆ ನಾನೇ ಕರ್ಕೊಂಡು ಹೋಗ್ತೀನಿ, ಇವತ್ತು ಬ್ಯಾಡ” ಎಂದು ಬೇಡಿಕೊಂಡಳು. ನಾನು ಗಂಡನಿಗೆ ಫೋನು ಮಾಡಿ, ಹುಟ್ಟಿದಾಗಿನಿಂದ ಕಲಿತ ಬಾಯನ್ನೆಲ್ಲ ಅವನ ಮೇಲೆ ಬಿಟ್ಟೆ. “ನಿಮ್ಮ ಅತ್ತೆ ಮುಖ ನೋಡಿದ್ದು ಸಾಕು, ಇನ್ನು ಮಗಳ ಮುಖ ನೋಡ್ರಿ” ಎಂದೆ. ಅವನು ವರ್ಕ್‌ಶಾಪಿನವರ ವ್ಯಾನು ತೆಗೆದುಕೊಂಡು ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಬಂದ. ಅವ್ವನನ್ನು ಬಾಗಿಲಿನಿಂದ ಸರಿಸಿದ್ದು ನಾನೇ. ಸರಿಸಿದೆ ಎಂದರೆ ಸಣ್ಣ ಮಾತಾಯಿತು, ನೂಕಿದೆ. ಅವಳು ಗೋಡೆ ಹಿಡಿದುಕೊಂಡಳು, ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದು ವ್ಯಾನು ಹತ್ತಿದಳು.

ಹಿಂದಿನ ಸೀಟಿನಲ್ಲಿ ನಾನು ಮಲಗಿದ್ದೆ, ಮಗಳು ನನ್ನ ಎದೆಯ ಮೇಲೆ. ಆ ದಾರಿಯಲ್ಲಿ ನನಗೆ ಕಂಡದ್ದು ವ್ಯಾನಿನ ಸೂರು ಮತ್ತು ಕಿಟಕಿಯ ಮೇಲಂಚಿನಲ್ಲಿ ಓಡುವ ತಂತಿಗಳು ಮಾತ್ರ. ದೊಡ್ಡ ನಾಲೆ ಬಂತೆಂದು ಸೇತುವೆಯ ಮೇಲೆ ಗಾಲಿಯ ಸದ್ದು ಬದಲಾದಾಗ ಗೊತ್ತಾಯಿತು. ಅಷ್ಟು ನೀರಿನ ಮೇಲೆ ಹೋಗುತ್ತಿದ್ದೇನೆ, ನನ್ನ ಬಾಯಿಯಲ್ಲಿ ಉಗುಳೂ ಇಲ್ಲ. ಗಂಡ ಒಂದು ಕೈಯಲ್ಲಿ ನೀರಿನ ಬಾಟಲಿ ಹಿಂದಕ್ಕೆ ಚಾಚಿದ. ಅವ್ವ ಅದನ್ನು ನೋಡಿದಳು, ತಡೆಯಲಿಲ್ಲ. ನಾನು ಒಂದೇ ಗುಟುಕಿಗೆ ಮುಗಿಸಿದೆ. ದಾವಣಗೆರೆ ಬರುವವರೆಗೂ ಮಗಳ ಮೂಗಿನ ಹತ್ತಿರ ಬೆರಳು ಹಿಡಿದೇ ಇದ್ದೆ. ಒಮ್ಮೆ ಉಸಿರು ಸಿಗುತ್ತಿತ್ತು, ಒಮ್ಮೆ ಸಿಗುತ್ತಿರಲಿಲ್ಲ. ಸಿಗದಾಗ ಅವಳನ್ನು ಅಲುಗಾಡಿಸುತ್ತಿದ್ದೆ. ದೇವರಲ್ಲಿ ಬೇಡಿಕೊಳ್ಳಲು ನನಗೆ ನೆನಪೇ ಆಗಲಿಲ್ಲ, ಅಷ್ಟು ಭಯ.

ಆಸ್ಪತ್ರೆಯ ಬಾಗಿಲಲ್ಲೇ ಮಗಳನ್ನು ಕಿತ್ತುಕೊಂಡು ಒಳಗೆ ಓಡಿದರು. ನನ್ನನ್ನು ಸ್ಟ್ರೆಚರಿನ ಮೇಲೆ ಹಾಕಿ ಕಾರಿಡಾರಿನಲ್ಲಿ ಬಿಟ್ಟರು. ಎಷ್ಟೋ ಹೊತ್ತಾದ ಮೇಲೆ ಮಕ್ಕಳ ಡಾಕ್ಟರು ಹೊರಗೆ ಬಂದರು. ವಯಸ್ಸಾದವರು, ದಣಿದವರು, ಬೈಯಲೂ ಪುರುಸೊತ್ತಿಲ್ಲದವರು.

“ಮೈಯಾಗಿನ ನೀರು ಒಣಗಿ, ಉಪ್ಪು ಏರಿ ಕೂತೈತೆ. ಸಕ್ಕರೆ ಇಳಿದೈತೆ. ಡ್ರಿಪ್ ಹಾಕೀವಿ, ನಿಧಾನಕ್ಕೇ ಹಾಕ್ಬೇಕು, ಅವಸರ ಮಾಡಿದ್ರೆ ಮೆದುಳು ಬಾತ್ಕೊಳ್ತದೆ. ಈಗ್ಲೇ ಏನೂ ಹೇಳಾಕೆ ಬರಲ್ಲ.” ಆಮೇಲೆ ಅವ್ವನ ಕಡೆ ತಿರುಗಿದರು. “ಇಷ್ಟು ದಿನ ಯಾಕ ತರಲಿಲ್ಲ?”

“ಅಳಲಿಲ್ಲರೀ ಅದು. ಅತ್ತಿದ್ರೆ ತರ್ತಿದ್ದೆ” ಎಂದಳು ಅವ್ವ.

“ಹಸಿದ ಕೂಸು ಮೊದ್ಲು ಅಳ್ತದಮ್ಮ. ಅಳಾ ಶಕ್ತಿನೂ ಹೋದ ಮ್ಯಾಲೆ ಮಲಗ್ತದೆ. ನೀವು ಅದನ್ನ ಶಾಣೇತನ ಅಂತೀರಿ” ಎಂದು ಹೇಳಿ ಅವರು ಒಳಗೆ ಹೋದರು.

ಅವ್ವ ಬೆಂಚಿನ ಮೇಲೆ ಕೂತಳು. ಆಗಿನಿಂದ ಅವಳು ಮಾತಾಡಲಿಲ್ಲ. ನಾನು ನೂಕಿದ್ದಕ್ಕೆ ಮುನಿಸು ಎಂದುಕೊಂಡೆ. ಮುನಿಸಿಕೊಳ್ಳಲಿ ಎಂದುಕೊಂಡೆ. ಅವಳ ಮೋರೆ ನೋಡಲೂ ನನಗೆ ಮನಸ್ಸಿರಲಿಲ್ಲ.

ಹುಡುಗಿ ಡಾಕ್ಟರು ತನ್ನ ಮೇಲಿನವರನ್ನು ಕರೆದುಕೊಂಡು ಬಂದಳು. ಬೆನ್ನಿಗೆ ಸೂಜಿ ಚುಚ್ಚಿದ ಕಡೆ ಒಳಗಿನ ಪೊರೆಯಲ್ಲಿ ತೂತು ಉಳಿದುಬಿಟ್ಟಿದೆ, ಮೆದುಳಿನ ಸುತ್ತಲಿನ ನೀರು ಅಲ್ಲಿಂದ ಜಿನುಗುತ್ತಿದೆ, ಕೂತರೆ ತಲೆ ಸಿಡಿಯುವುದು ಅದಕ್ಕೇ ಎಂದರು ಆ ದೊಡ್ಡ ಡಾಕ್ಟರು. ಎಷ್ಟೋ ಜನರಿಗೆ ನೀರು, ಚಹಾ, ಗುಳಿಗೆಯಲ್ಲೇ ಹೋಗುತ್ತದಂತೆ, ಮೊದಲೇ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲವಂತೆ. ಈಗ ಕಾಯುವ ಹಾಗಿಲ್ಲ, ಮಗುವಿಗೆ ತಾಯಿಯ ಹಾಲು ಬೇಕು. ನಿಮ್ಮ ತೋಳಿನಿಂದಲೇ ರಕ್ತ ತೆಗೆದು ಬೆನ್ನಿನಲ್ಲಿ ಆ ತೂತಿನ ಹತ್ತಿರ ಬಿಡುತ್ತೇವೆ, ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ ಎಂದರು.

“ಪಂಕ್ಚರ್ ಪ್ಯಾಚ್ ಹಾಕ್ದಂಗೆ” ಎಂದ ನನ್ನ ಗಂಡ. ಅವನು ಆ ದಿನ ಆಡಿದ ಮಾತುಗಳಲ್ಲಿ ತಲೆಯಿದ್ದದ್ದು ಅದೊಂದಕ್ಕೇ.

ಹುಡುಗಿ ಡಾಕ್ಟರ ಕಣ್ಣುಗಳು ಕೆಂಪಾಗಿದ್ದವು. “ದಿನಾ ನಿಮ್ಮ ಸೊನ್ನೆ ನೋಡಿ ಖುಷಿ ಪಡ್ತಿದ್ದೆ” ಎಂದಳು.

“ನೀವು ಹೊಟ್ಟೆ ಒಂದನ್ನೇ ಕೇಳಿದ್ರಿ ಮೇಡಂ. ನನಗೆ ತಲೆನೂ ಇತ್ತು” ಎಂದೆ. ಹೇಳಿದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು, ಬೆನ್ನು ಬಾಗಿಸಿ ಕೂರಿಸಿದಾಗಲೂ ಬಿಡಲಿಲ್ಲ. ಮತ್ತೆ ಬೆನ್ನಿಗೆ ಸೂಜಿ ಎಂದರೆ ಅವ್ವ ಆಸ್ಪತ್ರೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಬೆಂಚು ಬಿಟ್ಟು ಏಳಲಿಲ್ಲ. ಕ್ಲಿನಿಕ್ಕಿನಲ್ಲಿ ಎಷ್ಟೋ ಜನರಿಗೆ ಸೂಜಿ ಗೊತ್ತಾಗುವುದಿಲ್ಲ ಎಂದು ಹೇಳಿದ್ದೆನಲ್ಲ, ನನಗೆ ಚೆನ್ನಾಗಿ ಗೊತ್ತಾಯಿತು. ಮೊದಲೇ ಕಡಿಮೆಯಿದ್ದ ನನ್ನ ರಕ್ತ ಕೊಳವೆ ತುಂಬಿ, ತೋಳಿನಿಂದ ಬೆನ್ನಿಗೆ ಹೋಯಿತು. ಒಂದಿಷ್ಟು ಹೊತ್ತು ಮಲಗಿಸಿ, ಆಮೇಲೆ ಮೆಲ್ಲಗೆ ಎತ್ತಿ ಕೂರಿಸಿದರು. ನಾನು ಹಲ್ಲು ಕಚ್ಚಿ ಕಾದೆ. ನೋವು ಬರಲಿಲ್ಲ. ಗೋಡೆಯ ಮೇಲಿನ ಗಡಿಯಾರ ನೆಟ್ಟಗೆ ಕಂಡಿತು.

ನೀರು ಕುಡಿದೆ, ಗಂಜಿ ಕುಡಿದೆ, ಮತ್ತೆ ನೀರು ಕುಡಿದೆ. ಎದೆ ಹಿಂಡಿ ಹಿಂಡಿ ಬೆರಳು ನೋಯಿಸಿಕೊಂಡೆ. ಮೊದಲು ಏನೂ ಬರಲಿಲ್ಲ. ಮರುದಿನ ಬಟ್ಟಲಿನ ತಳ ಮುಚ್ಚುವಷ್ಟು ಬಂತು. ಅದನ್ನು ಕೊಳವೆಯಲ್ಲಿ ಮಗಳ ಹೊಟ್ಟೆಗೆ ಬಿಟ್ಟರು. ಗಾಜಿನಾಚೆ ಅವಳು ಹಾಗೆಯೇ ಮಲಗಿದ್ದಳು, ಕೈಗೆ ಕಟ್ಟಿದ ಪಟ್ಟಿಯೇ ಅವಳಿಗಿಂತ ದೊಡ್ಡದು. ಬದುಕುತ್ತಾಳೆ ಎಂದು ಯಾರೂ ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಅಂಥ ದಿನಗಳನ್ನು ಹೇಗೆ ಕಳೆದೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹಿಂಡಿದೆ, ಕುಡಿದೆ, ಹಿಂಡಿದೆ. ಅವ್ವ ಚೊಂಬಿನಲ್ಲಿ ನೀರು ತಂದು ಪಕ್ಕದಲ್ಲಿಟ್ಟು ಬೆಂಚಿಗೆ ಹೋಗುತ್ತಿದ್ದಳು. ಚೊಂಬು ಖಾಲಿಯಾದರೆ ಹೇಳದೆಯೇ ತುಂಬಿ ತರುತ್ತಿದ್ದಳು.

ಒಂದು ಸಂಜೆ ಹುಡುಗಿ ಡಾಕ್ಟರು ನನ್ನ ತಲೆನೋವು ಕೇಳಲು ಬಂದಳು. ಈಗೀಗ ಅವಳು ತಲೆಯಿಂದ ಕಾಲಿನವರೆಗೆ ಎಲ್ಲವನ್ನೂ ಕೇಳುತ್ತಿದ್ದಳು. ಕೇಳಿ ಹೊರಟವಳನ್ನು ಅವ್ವ ಬೆಂಚಿನಿಂದಲೇ ಕರೆದಳು.

“ಮೇಡಂ, ಒಂದು ಮಾತು ಕೇಳ್ಲಾ?”

“ಕೇಳಿ ಅಮ್ಮ.”

“ನಮ್ ಮೊದಲ್ನೇದು ಗಂಡು. ನನಗೂ ಆವಾಗ ನೀರು ಕೊಡ್ತಿರ್ಲಿಲ್ಲ. ಹಾಲು ಬರಲಿಲ್ಲ. ಇದೇ ಒಳಲ್ಯಾಗೆ ಹೊಯ್ತಿದ್ವಿ. ಒಂದೆರಡು ದಿನ ಅತ್ತ. ಆಮ್ಯಾಲೆ ಅಳ್ಲೇ ಇಲ್ಲ. ಎಲ್ರೂ ದೇವ್ರಂಥಾ ಕೂಸು ಅಂದ್ರು.” ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. “ಹಂಗಾದ್ರೆ ಅವನು ಶಾಣೆ ಆಗಿರ್ಲಿಲ್ಲ, ಅಲ್ಲೇನ್ರಿ? ಅವನು ಹಸ್ಕೊಂಡಿದ್ದ.”

ಹುಡುಗಿ ಡಾಕ್ಟರು ನನ್ನನ್ನು ನೋಡಿದಳು. “ಅಷ್ಟು ಹಿಂದಿನದು ಹೇಗೆ ಹೇಳೋದು ಅಮ್ಮ. ಬೇರೆ ಏನಾದ್ರೂ ಇದ್ದಿರಬಹುದು” ಎಂದಳು. ಅವ್ವ ತಲೆಯಾಡಿಸಿದಳು, ನಂಬಿದಂತೆ ಅಲ್ಲ, ಹುಡುಗಿಗೆ ಬೇಸರವಾಗದಿರಲಿ ಎಂಬಂತೆ.

ಅವಳು ಹೋದ ಮೇಲೆ ಅವ್ವ ನನ್ನ ಕಡೆ ತಿರುಗಿದಳು. ಅಷ್ಟು ದಿನಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು ಅದು.

“ನೀ ಅಳ್ತಿದ್ದಿ. ಓಣಿಯೋರೆಲ್ಲಾ ಬೈಯಂಗೆ ಅಳ್ತಿದ್ದಿ. ಬಾಯಿ ಮುಚ್ಚಲಿ ಅಂತ ಸಿಟ್ಟಿಗೆ ಹಾಲು ಹೊಯ್ತಿದ್ದೆ. ಅದಕ್ಕ ಉಳಿದಿ.”

ಅವಳ ಮೇಲಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳ ಪಕ್ಕಕ್ಕೆ ಹೋಗಿ ಕೂತೆ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಮಗಳು ಅತ್ತದ್ದು ಅದರ ಮರುದಿನ ಬೆಳಿಗ್ಗೆ. ರಕ್ತ ತೆಗೆಯಲು ಕಾಲಿಗೆ ಚುಚ್ಚಿದರಂತೆ. ಮೊದಲು ಬೆಕ್ಕಿನ ಮರಿಯಂಥ ಸಣ್ಣ ದನಿ, ಆಮೇಲೆ ಗಾಜಿನಾಚೆಗೂ ಕೇಳುವಂಥ ಕಿರುಚಾಟ. ನಾನು ಬಟ್ಟಲನ್ನು ಕೆಳಗಿಟ್ಟು ಗಾಜಿಗೆ ಮುಖ ಒತ್ತಿದೆ. ಒಳಗೆ ನರ್ಸ್ “ಸುಮ್ನಿರು, ಸುಮ್ನಿರು” ಎಂದು ಅವಳ ಎದೆ ತಟ್ಟುತ್ತಿದ್ದಳು. ಅಷ್ಟರಲ್ಲಿ ಅವ್ವ ಬೆಂಚಿನಿಂದ ಎದ್ದು, ಯಾರೂ ಒಳಗೆ ಹೋಗಬಾರದ ಆ ಬಾಗಿಲನ್ನು ನೂಕಿದಳು.

“ಸುಮ್ಮನಿರಿಸಬ್ಯಾಡ್ರಿ” ಎಂದಳು. “ನಿಮ್ ಕಾಲಿಗೆ ಬೀಳ್ತೀನಿ, ಅಳ್ಲಿ ಬಿಡ್ರಿ.”

ನರ್ಸ್ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು.